ಹತ್ತು ನಿಮಿಷ ಮುಂದಿದ್ದ ಗಡಿಯಾರ

ಪರೀಕ್ಷೆಯ ದಿನ ಬೆಳಿಗ್ಗೆ ಪಿಳ್ಳಣ್ಣ ಸ್ಟೂಲು ಹತ್ತಿ ಗೋಡೆ ಬೋಳು ಮಾಡತೊಡಗಿದ. ಮೊದಲು ಕ್ಯಾಲೆಂಡರು, ಆಮೇಲೆ ಬುದ್ಧನ ಪಟ, ಆಮೇಲೆ ತೀರಿಹೋದ ಹೆಂಡತಿಯ ಫೋಟೋ. ಒಂದೊಂದನ್ನೂ ಕೆಳಗೆ ನಿಂತ ಮಗಳ ಕೈಗೆ ದಾಟಿಸುತ್ತಾ "ಇದೂನಾ?" ಎಂದು ಕೇಳುತ್ತಿದ್ದ. ಮೈತ್ರಿ ಹೂಂ ಎಂದು ತಲೆಯಾಡಿಸುತ್ತಿದ್ದಳು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯುವ ಪರೀಕ್ಷೆ ಅದು. ಬರೆಯುವವರನ್ನು ಕ್ಯಾಮೆರಾ ಕಾಯುತ್ತದೆ. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಕೂಡದು, ಗೋಡೆಯ ಮೇಲೆ ಏನೊಂದೂ ಇರಕೂಡದು ಎಂದು ಪರೀಕ್ಷಾ ಮಂಡಳಿಯವರು ಮೊದಲೇ ತಿಳಿಸಿದ್ದರು.

ಕೊನೆಗೆ ಉಳಿದದ್ದು ಗಡಿಯಾರ.

"ಟೈಮ್ ನೋಡೋದ್ ಬ್ಯಾಡ್ವಾ?"

"ಸ್ಕ್ರೀನಲ್ಲೇ ಬರುತ್ತಪ್ಪ."

ಅವನು ಗಡಿಯಾರವನ್ನು ಎಳೆದ. ವರ್ಷಾನುಗಟ್ಟಲೆ ಅಲ್ಲೇ ಕೂತು ಬೇರುಬಿಟ್ಟಿದ್ದ ಮೊಳೆ ಅಂಗೈಯಗಲ ಗಾರೆಯನ್ನೂ ಕಚ್ಚಿಕೊಂಡೇ ಕಿತ್ತುಬಂತು. ಪಿಳ್ಳಣ್ಣ ತಲೆಯ ಮೇಲಿನ ಸುಣ್ಣದ ಪುಡಿ ಕೊಡವಿಕೊಂಡ. "ಹೋಗ್ಲಿ ಬಿಡು, ಯಾವ್ದಾದ್ರೂ ಭಾನುವಾರ ಡ್ರಿಲ್ ತಂದು ಹಾಕ್ತೀನಿ. ನೀನು ಪಾಸಾಗೋದ್ ನೋಡು."

ಆ ಗಡಿಯಾರ ಆಯುಧಪೂಜೆಯ ದಿನ ಕಂಪನಿ ಕೊಟ್ಟದ್ದು. ಪಿಳ್ಳಣ್ಣ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ನುಗಳ ಮೆಕ್ಯಾನಿಕ್ಕು. ಒಂದು ಸಲ ತಡವಾಗಿ ಹೋಗಿ, ಗೇಟಿನಲ್ಲಿ ಎಲ್ಲರೆದುರು ಬೈಸಿಕೊಂಡು ಬಂದವನು ಅದರ ಮುಳ್ಳನ್ನು ಹತ್ತು ನಿಮಿಷ ಮುಂದೆ ತಿರುಗಿಸಿಟ್ಟ. ಅಂದಿನಿಂದ ಸುದ್ದಗುಂಟೆಪಾಳ್ಯದ ಆ ಎರಡು ಕೋಣೆಯ ಮನೆಯಲ್ಲಿ ಯಾರೇ ಗೋಡೆ ನೋಡಿದರೂ ತುಟಿಯಲ್ಲೇ ಹತ್ತು ಕಳೆದುಕೊಳ್ಳುವುದು ರೂಢಿಯಾಯಿತು. ಪಿಳ್ಳಣ್ಣನ ತಾಯಿ ಮುನಿಯಕ್ಕ ನಗಾಡುತ್ತಿದ್ದಳು: "ಮುಂದಕ್ ಇಡೋದು, ಆಮೇಲ್ ಕಳ್ಕಂಡ್ ಕುಂತ್ಕಳೋದು. ಅದೇನ್ ಬುದ್ವಂತ್ರಪ್ಪ ನೀವು!" ನಗಾಡಿದವಳೂ ಮಾತ್ರೆ ನುಂಗುವ ಹೊತ್ತಿಗೆ ಗೋಡೆ ನೋಡಿ ಹತ್ತು ಕಳೆಯುತ್ತಿದ್ದಳು.

ಮೈತ್ರಿಗೆ ಆ ಪರೀಕ್ಷೆ ಬೇಕೇ ಬೇಕಿತ್ತು. ಜಯನಗರದ ಒಂದು ಆಫೀಸಿನಲ್ಲಿ ಅವಳು ಟ್ರೈನಿ. ಆಸ್ಪತ್ರೆಗಳ ಕಾಗದಗಳನ್ನು ಓದಿ, ಪ್ರತಿ ಕಾಯಿಲೆಗೂ ಪ್ರತಿ ಚಿಕಿತ್ಸೆಗೂ ನಿಗದಿಯಾದ ಸಂಕೇತ ಹಾಕುವ ಕೆಲಸ. ಯಾರೊಡನೆಯೂ ಹೆಚ್ಚು ಮಾತಾಡಬೇಕಿಲ್ಲದ ಕೆಲಸವೆಂದೇ ಅದು ಅವಳಿಗೆ ಒಗ್ಗಿತ್ತು. ನಾಲ್ಕು ಜನರ ಮುಂದೆ ಹೆಸರು ಹೇಳಬೇಕಾದರೂ ತಡವರಿಸುವ ಹುಡುಗಿ, ಯಾರದೋ ಮುರಿದ ಮೂಳೆ, ಯಾರದೋ ಸೋತ ಮೂತ್ರಪಿಂಡದ ಜೊತೆ ದಿನವಿಡೀ ಸುಖವಾಗಿ ಕೂತಿರುತ್ತಿದ್ದಳು. "ಸರ್ಟಿಫಿಕೇಟ್ ತನ್ನಿ, ಅವತ್ತೇ ಪರ್ಮನೆಂಟ್ ಮಾಡ್ತೀನಿ. ಇಲ್ದಿದ್ರೆ ಟ್ರೈನಿಂಗ್ ಮುಗಿದ್ಮೇಲೆ ಇಟ್ಕೊಳ್ಳೋಕೆ ರೂಲ್ಸ್ ಇಲ್ಲ" ಎಂದು ಮ್ಯಾನೇಜರ್ ತಿರುಮಲೇಶ ಹೇಳಿದ್ದ. ಪಿಳ್ಳಣ್ಣ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದ, ಮಗಳಿಗೆ ಜಯನಗರದಲ್ಲಿ ಪರ್ಮನೆಂಟ್ ಆಯ್ತು ಅಂತ.

ಪರೀಕ್ಷೆ ಚೆನ್ನಾಗಿಯೇ ಆಯಿತು. ನಡುವೆ ಒಂದೇ ಒಂದು ಸಣ್ಣ ಎಡವಟ್ಟು. ಅಪ್ಪ ಹೊರಗೆ ಹೋಗಿದ್ದ, ಅಜ್ಜಿಯನ್ನು ಎದುರುಮನೆಯ ಜಗಲಿಯ ಮೇಲೆ ಕೂರಿಸಿದ್ದರು. ಕಾವೇರಿ ನೀರು ಬಿಟ್ಟ ಸದ್ದು ಕೇಳಿದ್ದೇ ಮುನಿಯಕ್ಕನಿಗೆ ಪರೀಕ್ಷೆ ಮರೆತುಹೋಯಿತು. ಕಿಟಕಿಯ ಹತ್ತಿರ ಬಂದು, "ನೀರ್ ಬಂತು ಕಣಮ್ಮೀ, ಮೋಟ್ರು ಹಾಕ್ಲಾ?" ಎಂದು ಕೂಗಿದಳು. ಮೈತ್ರಿ ಪರದೆಯಿಂದ ಕಣ್ಣು ಕೀಳದೆ, ಬೇಡವೆಂದು ಕೈಬೆರಳು ಅಲ್ಲಾಡಿಸಿದಳು. ಅಷ್ಟೇ.

ವಾರ ಕಳೆದ ಮೇಲೆ ಮೇಲ್ ಬಂತು. ಪರೀಕ್ಷೆಯ ವೇಳೆ ನಿಮ್ಮ ನಡವಳಿಕೆ ಅನುಮಾನಾಸ್ಪದವಾಗಿತ್ತು, ಫಲಿತಾಂಶ ತಡೆಹಿಡಿಯಲಾಗಿದೆ, ವಾರದೊಳಗೆ ವಿವರಣೆ ನೀಡಿ. ಏನು ಮಾಡಿದೆ, ಯಾವ ಹೊತ್ತಿನಲ್ಲಿ ಮಾಡಿದೆ ಎಂಬ ಒಂದಕ್ಷರವೂ ಅದರಲ್ಲಿರಲಿಲ್ಲ. ಅವಳು ಅದನ್ನು ಓದಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಆಮೇಲೆ ಕೂತು, ತುಂಬ ಮರ್ಯಾದೆಯ ಮಾತುಗಳಲ್ಲಿ, ವಿಡಿಯೊ ತೋರಿಸಿದರೆ ಉತ್ತರ ಹೇಳಲು ಅನುಕೂಲವಾಗುತ್ತದೆ ಎಂದು ಬರೆದಳು. ಭದ್ರತೆಯ ಕಾರಣದಿಂದ ವಿಡಿಯೊ ಕೊಡಲಾಗುವುದಿಲ್ಲ, ವಿವರಣೆ ಮಾತ್ರ ಕಳುಹಿಸಿ ಎಂಬ ಉತ್ತರ ಬಂತು. ಕೊಟ್ಟಿದ್ದ ಫೋನ್ ನಂಬರಿನಲ್ಲಿ ಒಂದು ಯಂತ್ರ ಮಾತಾಡಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಇಟ್ಟುಬಿಟ್ಟಿತು.

ಪಿಳ್ಳಣ್ಣ ಮೇಲ್ ಓದಿಸಿಕೊಂಡು ಕೇಳಿದ. "ಏನ್ ಮಾಡ್ದೆ ಅಂತಾನೇ ಹೇಳ್ದಲೆ, ಯಾಕ್ ಮಾಡ್ದೆ ಹೇಳು ಅಂತಾವ್ರಲ್ಲ. ಇದೆಂಥದು?"

"ಅಜ್ಜಿ ಕಿಟಕಿ ಹತ್ರ ಬಂದಿದ್ದೇ ಇರ್ಬೇಕಪ್ಪ. ಬೇರೆ ಏನೂ ಆಗಿಲ್ಲ."

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮುನಿಯಕ್ಕನ ಕೈ ನಿಂತಿತು. "ಅಯ್ಯೋ ನನ್ ಬಾಯಿಗಿಷ್ಟು ಮಣ್ಣಾಕ. ನೀರು ಅಂದ್ನಲ್ಲವ್ವ, ಉತ್ರ ಹೇಳಿಕೊಟ್ನಾ ನಾನು?"

"ನೀನ್ ಸುಮ್ನಿರವ್ವ" ಎಂದ ಪಿಳ್ಳಣ್ಣ. "ನೋಡು ಮಗ, ಮುಚ್ಚಿಟ್ರೆ ತಪ್ಪು. ಮೆಷಿನ್ ಕೆಟ್ಟಾಗ ನಾನೂ ಅಷ್ಟೇ, ಸೂಪರ್‌ವೈಸರ್ ಕೇಳೋಕ್ ಮುಂಚೇನೇ ಹಿಂಗಿಂಗಾಯ್ತು ಸಾರ್ ಅಂದ್ಬಿಡ್ತೀನಿ. ಇವತ್ತಿನ್ವರ್ಗೂ ಯಾರೂ ಒಂದ್ ಮಾತು ಅಂದಿಲ್ಲ. ಇದ್ದಿದ್ ಇದ್ದಂಗೆ ಬರ್ದಾಕು."

ಮೈತ್ರಿ ಬರೆದಳು. ಎಲ್ಲವನ್ನೂ ಬರೆದಳು. ಅಜ್ಜಿಯ ವಯಸ್ಸು, ದಿನ ಬಿಟ್ಟು ದಿನ ಬರುವ ನೀರು, ಮೋಟರು, ತಾನು ಅಲ್ಲಾಡಿಸಿದ ಬೆರಳು. ತೊಂದರೆಯಾದದ್ದಕ್ಕೆ ಕ್ಷಮೆಯನ್ನೂ ಕೇಳಿದಳು. ಕಳಿಸಿದ ಮೇಲೆ ಮನಸ್ಸು ತೊಳೆದಿಟ್ಟ ಪಾತ್ರೆಯಂತಾಯಿತು. ಓದಿದವರು ನಕ್ಕುಬಿಡುತ್ತಾರೆ ಎಂದುಕೊಂಡಳು. ಅವರ ಮನೆಯಲ್ಲೂ ಒಬ್ಬ ಅಜ್ಜಿ ಇರುತ್ತಾಳಲ್ಲ.

ಯಾರೂ ನಗಲಿಲ್ಲ. ತೀರ್ಪಿನ ಮೇಲ್ ಹೀಗಿತ್ತು: 'ತಮ್ಮ ಮೇಲಿದ್ದ ಮೂಲ ಆಕ್ಷೇಪ, ಪರದೆಯಿಂದಾಚೆ ಮೇಲೆ ಎಡಕ್ಕೆ ಪದೇಪದೇ ನೋಡಿ ತುಟಿಯಾಡಿಸಿದ್ದರ ಬಗ್ಗೆ. ಅದಕ್ಕೆ ತಾವು ವಿವರಣೆ ನೀಡಿಲ್ಲ. ಅಲ್ಲದೆ, ಬೀದಿಯ ಸದ್ದೆಂದು ನಾವು ಕೈಬಿಟ್ಟಿದ್ದ ಧ್ವನಿಯು ಎರಡನೆಯ ವ್ಯಕ್ತಿಯದೆಂದೂ, ತಾವು ಆ ವ್ಯಕ್ತಿಗೆ ಕೈಸನ್ನೆಯಿಂದ ಉತ್ತರಿಸಿದಿರೆಂದೂ ತಾವೇ ಒಪ್ಪಿಕೊಂಡಿದ್ದೀರಿ. ಪರೀಕ್ಷೆ ರದ್ದಾಗಿದೆ. ಎರಡು ವರ್ಷ ಮತ್ತೆ ಬರೆಯುವಂತಿಲ್ಲ. ಇದು ಅಂತಿಮ.'

ಪಿಳ್ಳಣ್ಣ ಅದನ್ನು ಎರಡು ಸಲ ಓದಿಸಿದ. ಎರಡನೆಯ ಸಲಕ್ಕೆ ಕೆಟ್ಟ ಮೆಷಿನ್ನಿನ ಎದುರು ಕೂತವನಂತೆ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಕೂತ. ಮುನಿಯಕ್ಕ ಮಾತ್ರ ಬಾಯಿಬಿಟ್ಟಳು.

"ಇದ್ದದ್ ಇದ್ದಂಗೆ ಹೇಳಿದ್ರೆ ಎದ್ದ್ ಬಂದು ಎದೆಗ್ ಒದ್ದ ಅಂತ ನಮ್ಮವ್ವ ಹೇಳೋಳು. ಬರೀ ಗಾದೆ ಅನ್ಕಂಡಿದ್ದೆ."

ಆಫೀಸಿನಲ್ಲಿ ಮೈತ್ರಿಗಿದ್ದ ಗೆಳತಿ ಶ್ವೇತ ಒಬ್ಬಳೇ. ಜರಗನಹಳ್ಳಿಯವಳು. ಅಪ್ಪನಿಗೆ ಬಾಡಿಗೆಯ ಮನೆಗಳಿದ್ದವು, ಮಗಳಿಗೆ ಸ್ಕೂಟಿಯಿತ್ತು, ಬಾಯಿಯಿತ್ತು. ಅದೇ ವಾರ ಅದೇ ಪರೀಕ್ಷೆ ಬರೆದು ಅವಳು ಪಾಸಾಗಿದ್ದಳು. ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ತಳ್ಳುಗಾಡಿಯೆದುರು ಮಸಾಲೆಪುರಿಯ ತಟ್ಟೆ ಹಿಡಿದು ಅವಳು ಮೈತ್ರಿಯ ಕಥೆಯನ್ನೆಲ್ಲ ಕೇಳಿದಳು.

"ಲೇ, ನಿಂಗೇನ್ ತಲೆ ಕೆಟ್ಟಿತ್ತಾ? ಅವರು ಕೇಳ್ದೇ ಇರೋದನ್ನ ಯಾಕೇ ಹೇಳ್ದೆ?"

"ಅದೇ ಇರ್ಬೇಕು ಅನ್ಕೊಂಡೆ ಕಣೇ. ಏನು ಅಂತ ಅವರು ಹೇಳ್ಲಿಲ್ವಲ್ಲ."

"ಹೇಳ್ಲಿಲ್ಲ ಅಂದ್ರೆ ನೀನೂ ಹೇಳ್ಬಾರ್ದು. 'ನಾನ್ ಏನೂ ಮಾಡಿಲ್ಲ' ಅಂತ ಒಂದು ಲೈನು. ಮುಗೀತು. ನಮ್ ಚಿಕ್ಕಪ್ಪ ಲಾಯರ್ ಅಲ್ವಾ, ಬಾಯಿ ಬಿಟ್ಟೋನೇ ಕೆಡೋದು ಅಂತಾರೆ." ಶ್ವೇತ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾನು ಲ್ಯಾಪ್‌ಟಾಪ್ ಸ್ಕ್ರೀನ್ ಕೆಳಗಡೆ ಅಂಚಿಗೆ ಸಣ್ ಸಣ್ ಚೀಟಿ ಅಂಟಿಸ್ಕೊಂಡಿದ್ದೆ, ಗೊತ್ತಾ. ಕಣ್ಣು ಎಲ್ಲೂ ಹೋಗ್ಲೇ ಇಲ್ಲ ನಂದು. ರೂಮ್ ತೋರ್ಸಿ ಅಂದ್ರು, ತೋರಿಸ್ದೆ. ಲ್ಯಾಪ್‌ಟಾಪ್ ತನ್ನನ್ನ ತಾನೇ ನೋಡ್ಕೊಳ್ಳುತ್ತಾ?" ಹೇಳಿ ಕಿಸಕ್ಕನೆ ನಕ್ಕಳು. "ಯಾರಿಗೂ ಹೇಳ್ಬೇಡ. ನೀನು ಹೇಳಲ್ಲ ಬಿಡು."

ಮೈತ್ರಿ ತಟ್ಟೆಯನ್ನು ಅರ್ಧಕ್ಕೇ ಬುಟ್ಟಿಗೆ ಹಾಕಿದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಶ್ವೇತಳ ಚೀಟಿಯಲ್ಲ. ಮೇಲೆ, ಎಡಕ್ಕೆ. ಅಲ್ಲಿ ಏನಿತ್ತು? ಬರಿ ಗೋಡೆ. ತಾನು ನಿಜಕ್ಕೂ ನೋಡಿದೆನೇ? ಮಂಡಳಿಯವರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಅವಳಿಗೇ ತನ್ನ ಮೇಲೆ ಸಣ್ಣ ಅನುಮಾನ ಹುಟ್ಟಿತ್ತು.

ಉತ್ತರವನ್ನು ಹಿಡಿದುಕೊಂಡು ಬಂದವನು ಪಿಳ್ಳಣ್ಣ, ಅವನಿಗೇ ಗೊತ್ತಿಲ್ಲದೆ. ಕೆಲಸದಿಂದ ಬಂದು ಕಾಲು ತೊಳೆದು, ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ ಅವನು ಗೋಡೆಯತ್ತ ಕತ್ತೆತ್ತಿದ. ಗಾರೆ ಕಿತ್ತ ಗುಳಿಯನ್ನು ನೋಡುತ್ತಾ ತುಟಿಯಾಡಿಸಿದ. "ಥತ್, ಇಲ್ವಲ್ಲ ಅದು" ಎಂದು ತನ್ನನ್ನೇ ಬೈದುಕೊಂಡು ಟೀವಿಯ ಪಕ್ಕ ಒರಗಿಸಿಟ್ಟಿದ್ದ ಗಡಿಯಾರದ ಕಡೆ ತಿರುಗಿದ. ಡ್ರಿಲ್ ತರುವ ಭಾನುವಾರ ಇನ್ನೂ ಬಂದಿರಲಿಲ್ಲ.

ಮೈತ್ರಿಯ ಕೈಯ ಲೋಟ ಹಾಗೇ ನಿಂತಿತು.

ಅವಳು ಕುರ್ಚಿಯನ್ನು ಪರೀಕ್ಷೆಯ ದಿನ ಇದ್ದ ಜಾಗಕ್ಕೇ ಎಳೆದಳು. ಫೋನನ್ನು ಎದುರಿಗೆ ನಿಲ್ಲಿಸಿ ವಿಡಿಯೊ ಹಾಕಿದಳು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು, ಫೋನನ್ನು ಮರೆತು, ನಿಜವಾಗಿಯೇ ಬರೆಯತೊಡಗಿದಳು. ಅದು ಮುಗಿದ ಮೇಲೆ ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಅದರಲ್ಲಿದ್ದ ಹುಡುಗಿ ಒಂದು ಪ್ರಶ್ನೆ ಓದುತ್ತಾಳೆ, ಉತ್ತರ ಹಾಕುತ್ತಾಳೆ, ಮೇಲೆ ಎಡಕ್ಕೆ ಕಣ್ಣೆತ್ತುತ್ತಾಳೆ, ತುಟಿಯಾಡಿಸುತ್ತಾಳೆ, ಮತ್ತೆ ಓದುತ್ತಾಳೆ. ಮತ್ತೆ ಕಣ್ಣೆತ್ತುತ್ತಾಳೆ. ನೋಡಿದವರು ಯಾರಾದರೂ ಕಳ್ಳಿ ಎಂದೇ ಹೇಳಬೇಕು. ಅವರು ತೋರಿಸದೆ ಬಚ್ಚಿಟ್ಟುಕೊಂಡ ವಿಡಿಯೊ ಇದೇ. ಇದನ್ನು ಮೊದಲೇ ತೋರಿಸಿದ್ದರೆ ಅವಳು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು.

"ಗಡಿಯಾರ ತೆಗೀರಿ ಅಂದೋರು ಅವ್ರೇ ಅಲ್ವಾ" ಎಂದಳು ಮುನಿಯಕ್ಕ.

ಪಿಳ್ಳಣ್ಣ ಟೀವಿಯ ಪಕ್ಕದ ಗಡಿಯಾರದತ್ತ ನೋಡಿದ. ಮುಳ್ಳು ಮುಂದಿಟ್ಟವನು ತಾನು.

ಮೈತ್ರಿ ಆ ವಿಡಿಯೊವನ್ನೂ, ಗೋಡೆಯ ಗುಳಿಯ ಫೋಟೋವನ್ನೂ, ಗಡಿಯಾರದ ಫೋಟೋವನ್ನೂ ಸೇರಿಸಿ ಉದ್ದನೆಯ ಮೇಲ್ ಬರೆದಳು. ಅವಳು ಬದುಕಿನಲ್ಲಿ ಅಷ್ಟು ಧೈರ್ಯದಿಂದ ಯಾರಿಗೂ ಬರೆದಿರಲಿಲ್ಲ. ಕಳಿಸಿ ಫೋನು ಕೆಳಗಿಡುವ ಮೊದಲೇ ಉತ್ತರ ಬಂತು: ಈ ಪ್ರಕರಣ ಮುಕ್ತಾಯಗೊಂಡಿದೆ. ಈ ವಿಳಾಸಕ್ಕೆ ಬಂದ ಮೇಲ್‌ಗಳನ್ನು ಯಾರೂ ಓದುವುದಿಲ್ಲ.

ಆ ಭಾನುವಾರ ಪಿಳ್ಳಣ್ಣ ಡ್ರಿಲ್ ತಂದ. ಗಡಿಯಾರವನ್ನು ಮತ್ತೆ ಗೋಡೆಗೇರಿಸಿದ, ಸರಿಯಾದ ಹೊತ್ತಿಗೆ ತಿರುಗಿಸಿ. ಮರುದಿನ ಎಲ್ಲರೂ ಎಂದಿನಂತೆ ಹತ್ತು ಕಳೆದರು. ಅವನು ಫ್ಯಾಕ್ಟರಿಗೆ ತಡವಾಗಿ ತಲುಪಿದ.

ಟ್ರೈನಿಂಗ್ ಮುಗಿದ ದಿನ ತಿರುಮಲೇಶ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಕೆಟ್ಟವನಲ್ಲ. ಕಾಫಿಯನ್ನೂ ತರಿಸಿದ.

"ನೀವು ಅಂಥೋರಲ್ಲ ಅಂತ ನಂಗೊತ್ತು ಮೈತ್ರಿ. ನಿಮ್ ಕೆಲ್ಸಾನೂ ನೀಟಾಗಿದೆ. ಆದ್ರೆ ಹೆಡ್ ಆಫೀಸ್ನೋರು ಹೆಸರಿನ ಮುಂದೆ 'ಪರೀಕ್ಷೆ ರದ್ದು' ಅನ್ನೋ ರಿಮಾರ್ಕ್ ನೋಡಿದ್ರೆ ಮುಗೀತು. ನನ್ ಕೈಲಿಲ್ಲ."

ಅವಳು ತಡವರಿಸುತ್ತಾ ಗಡಿಯಾರದ ಕಥೆ ಹೇಳಿದಳು. ಅವನು ಮುಗುಳ್ನಗುತ್ತಲೇ ಕೇಳಿದ.

"ಗಡಿಯಾರಾನೇ ಇಲ್ದಿರೋ ಗೋಡೇಲಿ ಟೈಮ್ ನೋಡಿದ್ರಾ? ನೋಡಿ, ನಾನು ನಂಬ್ತೀನಿ. ಆದ್ರೆ ಇದನ್ನ ಮೊದಲೇ ಹೇಳ್ಬೇಕಿತ್ತಮ್ಮ. ಮೊದಲು ಅಜ್ಜಿ, ಈಗ ಗಡಿಯಾರ... ಕೇಳೋರಿಗೆ ಹೆಂಗನ್ಸುತ್ತೆ ಹೇಳಿ."

ಅವಳು ತಲೆ ತಗ್ಗಿಸಿದಳು. ತಿರುಮಲೇಶ ಸ್ವಲ್ಪ ಮುಂದಕ್ಕೆ ಬಾಗಿ ದನಿ ಇಳಿಸಿದ.

"ಒಂದ್ ಮಾತು. ನಮ್ ಬ್ಯಾಚಲ್ಲಿ ಬೇರೆ ಯಾರಾದ್ರೂ ಏನಾದ್ರೂ ಮಾಡಿದ್ದು ಗೊತ್ತಿದ್ರೆ ಹೇಳಿ. ನಿಮ್ ಹೆಸರು ಹೊರಗ್ ಬರಲ್ಲ."

ಗಾಜಿನಾಚೆ ಶ್ವೇತ ಹೊಸ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಯಾರೊಡನೆಯೋ ನಗುತ್ತಿದ್ದಳು. ಹೇಳಿದರೆ ಏನಾಗುತ್ತದೆಂದು ಮೈತ್ರಿಗೆ ಈಗ ಚೆನ್ನಾಗಿ ಗೊತ್ತಿತ್ತು. ಶ್ವೇತ ಒಂದೇ ಸಾಲಿನಲ್ಲಿ ಇಲ್ಲ ಅನ್ನುತ್ತಾಳೆ. ಹೊಟ್ಟೆಕಿಚ್ಚಿನವಳು ಎಂಬ ಇನ್ನೊಂದು ರಿಮಾರ್ಕು ತನ್ನ ಹೆಸರಿಗೇ ಸೇರುತ್ತದೆ.

ತಿರುಮಲೇಶನ ತಲೆಯ ಮೇಲೆ ಆಫೀಸಿನ ಗಡಿಯಾರವಿತ್ತು. ಒಂದು ನಿಮಿಷವೂ ಆಚೀಚೆಯಾಗದ, ಪಕ್ಕಾ ಗಡಿಯಾರ. ಅದು ಐದೂವರೆ ತೋರಿಸುತ್ತಿತ್ತು. ಅವಳ ಕಣ್ಣು ಅಲ್ಲಿಗೆ ಹೋಯಿತು. ತುಟಿ ತಾನಾಗಿಯೇ ಅಲ್ಲಾಡಿತು.

"ಏನೋ ಅಂದ್ರಲ್ಲ?" ಎಂದ ತಿರುಮಲೇಶ.

"ಏನಿಲ್ಲ ಸಾರ್."