ಹನ್ನೊಂದರಲ್ಲಿ ಹತ್ತು ಹೆಸರು

ನಾನು ಒಂದು ಶಿನ್ ಗಾರ್ಡ್. ಫುಟ್‌ಬಾಲ್ ಆಡುವವರ ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬನ್ನು ಎದುರಾಳಿಯ ಬೂಟಿನಿಂದ ಕಾಯುವ ಪ್ಲಾಸ್ಟಿಕ್ ಹಲಗೆ. ಜರ್ಮನಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದದ್ದೇ ನನ್ನ ಜನನ. ಜೊತೆಗೆ ಬಿದ್ದವನು ಬಲಗಾಲಿನವನು, ನಾನು ಎಡಗಾಲಿನವನು. ಅವನು ಮಾತುಗಾರನಲ್ಲ, ಹಾಗಾಗಿ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾಲುಚೀಲದೊಳಗೆ ಬಾಳಿದವನಿಗೆ ಕಾಣುವುದು ಕಡಿಮೆ. ನಾನು ಹೇಳುವುದೆಲ್ಲ ಬಹುಮಟ್ಟಿಗೆ ಕೇಳಿಸಿಕೊಂಡದ್ದು.

ನನ್ನನ್ನು ಕೊಂಡವರು ಹೆರ್ನೆ ಊರಿನ ಟ್ರಾಮ್ ಡ್ರೈವರ್ ಅಲ್ಫೋನ್ಸ್ ವಿಯೆಚೋರೆಕ್. ದಕ್ಷಿಣದ ಒಂದು ಕ್ಲಬ್ಬಿಗೆ ಫಾರ್ವರ್ಡ್ ಆಗಿ ಹೊರಟಿದ್ದ ಮಗ ಹೋಲ್ಗರನಿಗೆ ಅದು ಅವರ ಉಡುಗೊರೆ. ಅಲ್ಫೋನ್ಸರ ಅಜ್ಜ ಪೋಲೆಂಡಿನ ಕಡೆಯಿಂದ ಗಣಿ ಕೆಲಸಕ್ಕೆ ಬಂದವರಂತೆ. ಆಸ್ತಿ ಅಂತ ಹೊತ್ತು ತಂದದ್ದು ಆ ಹೆಸರೊಂದೇ. ಅದು ಟ್ರಾಮ್ ಡಿಪೋದಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. "ವಿಯೆ, ಬಾ", "ವಿಯೆ, ಹೋಗು" ಎಂದು ಹೆಸರಿನ ತಲೆಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದರು.

ಆ ದೇಶದ ಕ್ರೀಡಾಂಗಣಗಳಲ್ಲಿ ಒಂದು ಪದ್ಧತಿ ಇದೆ. ಆಟ ಶುರುವಾಗುವ ಮುಂಚೆ ಮೈಕಿನವನು ಕಣಕ್ಕಿಳಿಯುವ ಹನ್ನೊಂದು ಜನರ ಮೊದಲ ಹೆಸರನ್ನಷ್ಟೇ ಹೇಳುತ್ತಾನೆ. ಮನೆತನದ ಹೆಸರನ್ನು ಇಡೀ ಗ್ಯಾಲರಿ ಒಕ್ಕೊರಲಿನಿಂದ ಕೂಗುತ್ತದೆ. ಬೆಂಚಿನ ಮೇಲೆ ಕೂತವರಿಗೆ ಆ ಭಾಗ್ಯವಿಲ್ಲ. ಅವರ ಹೆಸರನ್ನು ಮೈಕಿನವನೊಬ್ಬನೇ ಸರಸರನೆ ಓದಿ ಮುಗಿಸುತ್ತಾನೆ.

ರೈಲು ಹತ್ತಿಸುವಾಗ ಅಲ್ಫೋನ್ಸ್ ಹೇಳಿದ್ದು ಇಷ್ಟೇ: "ನಮ್ಮ ಹೆಸರನ್ನ ಒಂದು ಸಲ ಪೂರ್ತಿಯಾಗಿ ಕೂಗಿಸು. ಆವತ್ತು ನಾನೇ ಬರ್ತೀನಿ. ಅಲ್ಲೀವರೆಗೂ ಕರೀಬೇಡ."

"ಬೆಂಚಲ್ಲಿ ಕೂತಿದ್ರೂ ಟೀಮಲ್ಲಿ ಇದ್ದ ಹಾಗೇ ಅಲ್ವಾ ಅಪ್ಪ?"

"ಕೂತವರನ್ನ ನೋಡೋಕೆ ಟಿಕೆಟ್ ಯಾಕೋ? ಟ್ರಾಮ್ ಸ್ಟಾಪಲ್ಲಿ ದಿನಾ ನೋಡ್ತೀನಿ."

ಮೊದಲ ಪಂದ್ಯದಲ್ಲಿ ಹೋಲ್ಗರನನ್ನು ಇಳಿಸಿದ್ದು ಆಟ ಮುಗಿಯುವ ಹೊತ್ತಿಗೆ. ಒಂದು ಪಾಸ್ ಬಂತು, ನನ್ನ ಎಡಗಾಲು ಬೀಸಿತು, ಗೋಲು. ಮುಂದಿನ ವಾರವೂ ಅದೇ ಕಥೆ. ಮರುದಿನ ಪತ್ರಿಕೆ ಅವನಿಗೊಂದು ಬಿರುದು ಕೊಟ್ಟಿತು: ಜೋಕರ್.

ಸರ್ಕಸ್ಸಿನ ಜೋಕರ್ ಅಲ್ಲ, ಇಸ್ಪೀಟಿನದು. ಬೆಂಚಿನಿಂದೆದ್ದು ಬಂದು ಗೋಲು ಹೊಡೆಯುವವನನ್ನು ಜರ್ಮನ್ನರು ಹಾಗೆ ಕರೆಯುತ್ತಾರೆ. ಗೌರವದ ಮಾತೇ. ಆದರೆ ಜೋಕರ್ ಕೈಗೆ ಬಂದವನು ಅದನ್ನು ಮೊದಲೇ ಇಳಿಸುವುದುಂಟೆ? ಎದೆಗೆ ಒತ್ತಿ ಹಿಡಿದು ಕೂರುತ್ತಾನೆ. ಕೋಚ್ ಲಾಂಬೆಕ್ ಹಿಡಿದು ಕೂತರು.

"ಸರ್, ಒಂದು ಸಲ ಮೊದಲಿಂದ ಆಡಿಸಿ" ಎಂದ ಹೋಲ್ಗರ್.

"ನಿನ್ನನ್ನ ಮೊದಲೇ ಆಡಿಸಿಬಿಟ್ರೆ, ಕೊನೇಲಿ ಯಾರನ್ನ ಇಳಿಸ್ಲಿ? ನಿನ್ನಂಥವನು ಇನ್ನೊಬ್ಬ ಇದ್ದಾನಾ?"

ಹೊಗಳಿಕೆಯಿಂದ ಬಾಗಿಲು ಮುಚ್ಚುವುದನ್ನು ನಾನು ಕೇಳಿದ್ದು ಅದೇ ಮೊದಲು. ಗೋಲು ಹೊಡೆದದ್ದೇ ತಪ್ಪಾಯಿತೇನೋ ಎಂದು ಹೋಲ್ಗರನಿಗೆ ಅನಿಸಿರಬೇಕು. ಆಮೇಲೆ ಕೆಲವು ಪಂದ್ಯ ಅವನ ಕಾಲು ಹಿಂಜರಿಯಿತು, ಚೆಂಡು ಕಂಬದಾಚೆ ಹೋಯಿತು. ಆಗ ಲಾಂಬೆಕ್, "ನೋಡಿದ್ಯಾ? ಹತ್ತು ನಿಮಿಷದಲ್ಲಿ ಆಗದವನಿಗೆ ತೊಂಬತ್ತು ನಿಮಿಷ ಕೊಡ್ಲಾ?" ಎಂದರು. ಹೊಡೆದರೂ ಬೆಂಚು, ಬಿಟ್ಟರೂ ಬೆಂಚು. ಹೋಲ್ಗರ್ ಮತ್ತೆ ಹೊಡೆಯತೊಡಗಿದ. ಅವನಿಗೆ ಬರುತ್ತಿದ್ದುದು ಅದೊಂದೇ ಕೆಲಸ.

ವರ್ಷಗಳು ಹೀಗೇ ಹೋದವು. ಲಾಂಬೆಕ್ ಹೋಗಿ ಬೇರೆಯವರು ಬಂದರು, ಆ ಬಿರುದು ಮಾತ್ರ ಕೋಚಿನಿಂದ ಕೋಚಿಗೆ ಜೋಪಾನವಾಗಿ ವರ್ಗವಾಯಿತು. ಅಂಗಡಿಗಳಲ್ಲಿ 'ಜೋಕರ್' ಎಂದು ಬರೆದ ಮಫ್ಲರ್ ಮಾರಿದರು. ಬೇಕರಿಯವಳು ಅವನಿಗೆ ಬ್ರೆಡ್ಡಿನ ಜೊತೆ ಒಂದು ಬನ್ನು ಪುಕ್ಕಟೆ ಕೊಡುತ್ತಿದ್ದಳು. ಭಾನುವಾರ ಫೋನಿನಲ್ಲಿ ಅಪ್ಪ ಕೇಳುವುದು ಒಂದೇ ಪ್ರಶ್ನೆ: "ಕೂಗಿದ್ರಾ?"

"ಇನ್ನೂ ಇಲ್ಲಪ್ಪ."

ನನ್ನ ಸ್ಪಂಜು ಚಪ್ಪಟೆಯಾಗಿ, ಹೋಲ್ಗರನ ಮೊಣಕಾಲು ಮೆಟ್ಟಿಲು ಹತ್ತುವಾಗ ಲಟಕ್ಕೆನ್ನುವ ಕಾಲಕ್ಕೆ ಕ್ಲಬ್ಬಿನವರು ಅವನಿಗೆ ವಿದಾಯದ ಪಂದ್ಯ ಗೊತ್ತು ಮಾಡಿದರು. ಹೊಸ ಕೋಚ್ ಹೆಗಲು ತಟ್ಟಿ, "ಈ ಸಲ ಮೊದಲಿಂದಲೇ ಆಡಪ್ಪ. ಹೇಗೂ ಕೊನೇ ಆಟ" ಎಂದರು. ಅಲ್ಫೋನ್ಸ್ ಇಸ್ತ್ರಿ ಮಾಡಿದ ಡಿಪೋ ಕೋಟು ತೊಟ್ಟು, ಹೆರ್ನೆಯಿಂದ ರೈಲಿನಲ್ಲಿ ಬಂದು ಗ್ಯಾಲರಿಯಲ್ಲಿ ಕೂತರು.

ಮೈಕು ಗುಂಯ್‌ಗುಟ್ಟಿತು. ಒಂದೊಂದೇ ಹೆಸರು ಬಂತು, ಗ್ಯಾಲರಿ ಗುಡುಗಿತು. ನಾನು ಒತ್ತಿಕೊಂಡಿದ್ದ ಎಲುಬು ನಡುಗುತ್ತಿತ್ತು. ಗೋಲಿನ ಮುಂದೆ ಎಂದೂ ನಡುಗದ ಎಲುಬು ಅದು. ಕೊನೆಯಲ್ಲಿ ಮೈಕಿನವನು ರಾಗ ಎಳೆದ: "ನಮ್ಮ ಹೋಲ್ಗರ್..."

"ಜೋಕರ್!" ಎಂದಿತು ಗ್ಯಾಲರಿ. ಅಷ್ಟು ದೊಡ್ಡ ಕೂಗನ್ನು ನಾನು ಕೇಳಿರಲಿಲ್ಲ. ಮತ್ತೆ ಮತ್ತೆ ಕೂಗಿದರು. ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಹೋಲ್ಗರ್ ಕೈ ಎತ್ತಿ ಬೀಸಿದನಂತೆ. ಎಲುಬಿನ ನಡುಕ ನಿಂತುಹೋಗಿತ್ತು.

ಗೋಲು ಹೊಡೆಯಲಿಲ್ಲ. ಅರ್ಧ ಆಟಕ್ಕೆ ಅವನನ್ನು ಹೊರಗೆ ಕರೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಗೇಟಿನ ಬಳಿ ಅಪ್ಪ ಕಾಯುತ್ತಿದ್ದರು. ಹೋಲ್ಗರ್ ನನ್ನನ್ನು ಕೈಯಲ್ಲೇ ಹಿಡಿದಿದ್ದ.

"ಹೇಗಿತ್ತಪ್ಪ?"

"ಹನ್ನೊಂದು ಜನ ಇಳಿದ್ರಿ. ಹತ್ತು ಹೆಸರು ಕೇಳಿಸ್ತು."

"ಪ್ರೀತಿಯಿಂದ ಕೂಗಿದ್ದು ಅಪ್ಪ ಅದು."

"ಇರಬಹುದು ಕಣೋ. ನನ್ನನ್ನೂ ಡಿಪೋದಲ್ಲಿ ಪ್ರೀತಿಯಿಂದಲೇ ಕರೀತಿದ್ರು" ಎಂದು ಅಲ್ಫೋನ್ಸ್ ಸಂಜೆಯ ರೈಲಿಗೆ ನಡೆದರು. ಮುಂದಿನ ಚಳಿಗಾಲ ಅವರು ತೀರಿಕೊಂಡರು.

ಈಗ ನಾನೂ ಬಲಗಾಲಿನವನೂ ಕ್ರೀಡಾಂಗಣದ ಪಕ್ಕದ ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿದ್ದೇವೆ. ಒದೆತವಿಲ್ಲ, ಬೆವರಿಲ್ಲ, ವೃದ್ಧಾಪ್ಯಕ್ಕೆ ತೊಂದರೆಯಿಲ್ಲದ ಜಾಗ. ಕಾಲುಚೀಲದ ಕತ್ತಲೆ ತಪ್ಪಿ ಕೊನೆಗೂ ಜನರ ಮುಖ ಕಾಣುತ್ತಿದೆ. ಎಲುಬನ್ನು ಒಂದು ಸಲವೂ ಮುರಿಯಗೊಡಲಿಲ್ಲವೆಂಬ ಜಂಬ ನನಗಿತ್ತು. ಪೆಟ್ಟು ನಾನಿಲ್ಲದ ಕಡೆಯಲ್ಲೇ ಬೀಳುತ್ತಾ ಬಂದಿತ್ತೆಂದು ಗೊತ್ತಾದದ್ದು ಇಲ್ಲಿ ಕೂತ ಮೇಲೆ.

ಮೊನ್ನೆ ಹೋಲ್ಗರ್ ಹೆಂಡತಿಯೊಡನೆ ಊಟಕ್ಕೆ ಬಂದಿದ್ದ. ತಲೆ ನರೆತಿದೆ. ಬಾಗಿಲಲ್ಲಿ ನಿಂತಿದ್ದ ಹೊಸ ಹುಡುಗಿ, "ಟೇಬಲ್ ಯಾವ ಹೆಸರಲ್ಲಿ ಬುಕ್ ಆಗಿದೆ ಸರ್?" ಎಂದು ಕೇಳಿದಳು. ಅವನು ಬಾಯಿ ತೆರೆದ. ಅವನ ಹಿಂದೆ ಜನ ಕಾಯುತ್ತಿದ್ದರು.

"ಜೋಕರ್ ಅಂತ ಇರಬೇಕು ನೋಡಮ್ಮ" ಎಂದ.

ತಕ್ಷಣ ಸಿಕ್ಕಿತು.