ದೊಡ್ಡ ಭಾವನ ನಳಿಗೆ ಪಾಠ

ನನ್ನ ದೊಡ್ಡ ಭಾವನಿಗೆ ಕಾಯುವುದೆಂದರೆ ಏನೆಂದೇ ಗೊತ್ತಿರಲಿಲ್ಲ. ಹಾಲು ಕಾಯುವುದನ್ನಾಗಲಿ, ಎದುರಿನವರ ಮಾತು ಮುಗಿಯುವುದನ್ನಾಗಲಿ, ಬಡಿದ ಬಾಗಿಲು ತೆರೆಯುವುದನ್ನಾಗಲಿ ಅವರು ಕಾದದ್ದನ್ನು ಕಂಡವರಿಲ್ಲ. ಮೈಯನ್ನು ಮುಂದಕ್ಕೆ ಬಾಗಿಸಿ, ಹೊರಟುಹೋಗುತ್ತಿರುವ ಬಸ್ಸನ್ನು ಹಿಡಿಯುವವರಂತೆ ಬಿರಬಿರನೆ ನಡೆಯುತ್ತಿದ್ದ ಅವರ ಹಿಂದೆ ಓಡಿ ಓಡಿ ಸಾಕಾಗಿ, ನನ್ನ ದೊಡ್ಡಕ್ಕ ಮದುವೆಯಾದ ವರ್ಷವೇ ಪೇಟೆಗೆ ಒಬ್ಬಳೇ ಹೋಗುವುದನ್ನು ರೂಢಿ ಮಾಡಿಕೊಂಡಳು.

ಅವರದು ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವ ಕೆಲಸ. ಬೇಲಿಯಾಚೆಗೆ ಜವುಗು ನೆಲ. ಅಲ್ಲಿಂದೆದ್ದ ಹಕ್ಕಿಗಳು ರನ್‌ವೇಯ ಮೇಲೆ ಹಾರಿ ವಿಮಾನದ ಎಂಜಿನ್ನಿಗೆ ಸಿಕ್ಕರೆ ಅನಾಹುತ. ಅದಕ್ಕೆಂದೇ ಕೋವಿ ಹಿಡಿದು ಹುಲ್ಲಿನಲ್ಲಿ ನಿಂತು ಗುಂಡು ಹಾರಿಸಿ ಬೆದರಿಸುವವರು ಬೇಕು. ನಾನು ಅದೇ ನಿಲ್ದಾಣದ ಮಾಳಿಗೆಯಲ್ಲಿ ಗಾಳಿ ಮೋಡಗಳ ಲೆಕ್ಕ ಬರೆಯುವ ಕೋಣೆಯಲ್ಲಿದ್ದುದರಿಂದ, ಭಾವನ ಖಾಕಿ ಕೋಟು ಹಸಿರು ಬಯಲಿನಲ್ಲಿ ಅತ್ತಿಂದಿತ್ತ ಓಡಾಡುವುದು ದಿನವೂ ಕಿಟಕಿಯಿಂದ ಕಾಣುತ್ತಿತ್ತು.

ತೇವದ ಹುಲ್ಲು, ಮದ್ದಿನ ಮಸಿ ಎರಡೂ ಸೇರಿ ಕೋವಿಯ ನಳಿಗೆ ಬೇಗ ಕೊಳೆಯಾಗುತ್ತದೆ. ಒಂದು ವಿಮಾನ ಇಳಿದು ಇನ್ನೊಂದು ಬರುವುದರೊಳಗೆ ಅದನ್ನು ಶುಚಿಮಾಡುವುದರಲ್ಲಿ ಭಾವನನ್ನು ಮೀರಿಸುವವರು ಇರಲಿಲ್ಲವೆಂಬುದನ್ನು ಹೊಟ್ಟೆಯುರಿಯಿಂದಲೇ ಆದರೂ ಒಪ್ಪಬೇಕು. ಕೋವಿಯನ್ನು ಮಡಚಿ ತೋಟಾ ತೆಗೆದು, ಹಿತ್ತಾಳೆಯ ಗುಂಡು ಕಟ್ಟಿದ ದಾರವನ್ನು ನಳಿಗೆಯೊಳಗೆ ಇಳಿಬಿಟ್ಟು, ದಾರದ ಇನ್ನೊಂದು ತುದಿಯ ಎಣ್ಣೆಬಟ್ಟೆಯನ್ನು ಸರ್ರನೆ ಎಳೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆಂದರೆ ಕೆಲಸ ಮುಗಿಯಿತು. ದಾರವಿಲ್ಲದಿದ್ದರೆ ಹಸಿ ಕಡ್ಡಿಗೆ ಸುತ್ತಿದ ಕರವಸ್ತ್ರ; ಅದೂ ಇಲ್ಲದಿದ್ದರೆ ಕೋಟಿನ ಒಳಬಟ್ಟೆಯನ್ನೇ ಹರಿದ ಚಿಂದಿ. ಕೋಟು ಮುಗಿದ ಮೇಲೆ ಮನೆಯ ಸರದಿ: ದೊಡ್ಡಕ್ಕನ ಮನೆಯಲ್ಲಿ ನಾಲ್ಕು ಮೂಲೆಯೂ ನೆಟ್ಟಗಿದ್ದ ಒಂದು ದಿಂಬಿನ ಚೀಲವನ್ನು ನಾನು ಕಾಣಲಿಲ್ಲ.

“ಚಿಟಿಕೆ ಹೊಡೆಯೋದ್ರೊಳಗೆ ಆಯ್ತು ನೋಡು. ಆಫೀಸಿನೋರು ನಳಿಗೆ ಉಜ್ಜೋಕೆ ಕೊಟ್ಟಿರೋ ಸಲಾಕೆ ಹಿಡ್ಕೊಂಡು ಕೂತ್ರೆ, ಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡ್ಕೊಂಡು ಹೋಗಿರುತ್ತೆ,” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಚಿಕ್ಕಕ್ಕನ ಗಂಡನನ್ನು ಆ ಕೆಲಸಕ್ಕೆ ಸೇರಿಸಿದವರೂ ಅವರೇ. ಚಿಕ್ಕ ಭಾವ ಸ್ವಭಾವದಲ್ಲಿ ಅವರಿಗೆ ಪೂರಾ ವಿರುದ್ಧ. ಬೂಟು ಹಾಕಿಕೊಳ್ಳುವ ಮುನ್ನ ಎರಡನ್ನೂ ಕೊಡವಿ, ಒಳಗೆ ಇಣುಕಿ, ಮತ್ತೊಮ್ಮೆ ಕೊಡವುವ ಜಾತಿ. “ನಮ್ಮ ಷಡ್ಡಕ ಹಕ್ಕಿ ಓಡ್ಸಲ್ಲ, ಎದ್ದು ಹೋಗಿ ಅಂತ ಅದಕ್ಕೆ ಅರ್ಜಿ ಬರೀತಾನೆ,” ಎಂದು ದೊಡ್ಡ ಭಾವ ಎಲ್ಲರೆದುರಿಗೆ ಆಡಿಕೊಳ್ಳುವರು. ಚಿಕ್ಕ ಭಾವ ಕಿವಿಗೆ ಹಾಕಿಕೊಳ್ಳದೆ ನಗುವರು.

ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ವಿಮಾನವೊಂದು ಇಳಿಯುತ್ತಿತ್ತು. ಜವುಗಿನಿಂದ ದೊಡ್ಡ ಹಿಂಡೊಂದು ಎದ್ದಿತ್ತು. ಚಿಕ್ಕ ಭಾವ ಕೋವಿಯ ಕುದುರೆ ಎಳೆದರೆ ಢಮ್ಮೆನ್ನಬೇಕಾದದ್ದು ಪುಸ್ಸೆಂದಿತು. ತೋಟಾ ತೇವಗೊಂಡು ಮದ್ದು ಅರೆಬರೆ ಉರಿದರೆ, ಅದರೊಳಗೆ ಮದ್ದಿನ ಮೇಲೆ ಒತ್ತಿಟ್ಟ ರಟ್ಟಿನ ಬಿಲ್ಲೆ ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುವುದುಂಟು. ಆಗ ಇಣುಕಿ ನೋಡಿ ಅದನ್ನು ತಳ್ಳಿ ತೆಗೆಯದೆ ಮತ್ತೆ ಹೊಡೆದರೆ ನಳಿಗೆ ಒಡೆಯುತ್ತದೆ. ಚಿಕ್ಕ ಭಾವ ಕೋವಿ ಮಡಚಿ, ಖಾಲಿ ತೋಟಾ ತೆಗೆದು, ನೋಡಲೆಂದು ಬಗ್ಗಿದ್ದರು. ಅಷ್ಟರಲ್ಲಿ ದೊಡ್ಡ ಭಾವ ಆಚೆಯಿಂದ ಕೂಗಿದರು: “ನೋಡ್ತಾ ನಿಂತ್ಕೋಬೇಡ್ವೋ! ತುಂಬಿ ಹೊಡಿ! ಇನ್ನೊಂದು ಹೊಡೆದ್ರೆ ತಾನೇ ಕ್ಲೀನಾಗುತ್ತೆ!”

ಇದೂ ಅವರ ದಿಢೀರ್ ವಿದ್ಯೆಗಳಲ್ಲೊಂದು. ಅವರ ಕೈಯಲ್ಲಿ ಅದು ಹಲವು ಸಲ ಹೇಗೋ ಪಾರಾಗಿತ್ತು. ಹಿರಿಯರ ಮಾತೆಂದು ಚಿಕ್ಕ ಭಾವ ತುಂಬಿದರು, ಹೊಡೆದರು. ನಳಿಗೆ ಸಿಡಿದು, ಅದರಡಿಗೆ ಆಧಾರವಾಗಿದ್ದ ಎಡಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು. ಆ ಸದ್ದಿಗೆ ಹಕ್ಕಿಗಳೆಲ್ಲ ಚದುರಿ ವಿಮಾನ ಸುಖವಾಗಿ ಇಳಿಯಿತು. ಪ್ರಯಾಣಿಕರು ತಮ್ಮ ತಮ್ಮ ಪೆಟ್ಟಿಗೆಗಳನ್ನು ಎತ್ತಿಕೊಂಡು ಮನೆಗೆ ಹೋದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ದೊಡ್ಡ ಭಾವ ಚಿಕ್ಕಕ್ಕನ ಎರಡೂ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. “ಅವನು ನೋಡ್ತಿದ್ದ ಕಣಮ್ಮಾ. ನಾನೇ ಹೊಡಿ ಅಂದೆ. ನಾನೇ.” ನಾನು ಪಕ್ಕದಲ್ಲೇ ನಿಂತಿದ್ದೆ. ಎಷ್ಟಾದರೂ ಮನುಷ್ಯ ದೊಡ್ಡವನು ಎಂದುಕೊಂಡೆ.

ವಿಚಾರಣೆ ನಡೆಯಿತು. ಹಿರಿಯನ ಆಜ್ಞೆಯಂತೆ ಹೊಡೆದದ್ದೆಂದು ಸಾಬೀತಾದರೆ ಚಿಕ್ಕ ಭಾವನಿಗೆ ನಿಲ್ದಾಣದಲ್ಲೇ ಕುರ್ಚಿಯ ಕೆಲಸ. ಸ್ವಂತ ಅಜಾಗರೂಕತೆಯೆಂದಾದರೆ ಮನೆ. ಆಗ ಬಯಲಲ್ಲಿದ್ದವರು ಅವರಿಬ್ಬರೇ ಆದ್ದರಿಂದ ಎಲ್ಲವೂ ದೊಡ್ಡ ಭಾವನ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಗಂಟಲು ಸರಿಮಾಡಿಕೊಂಡು, “ವಿಮಾನದ ಸದ್ದಲ್ಲಿ ನಾನೇನು ಕೂಗಿದ್ನೋ ನೆನಪಿಲ್ಲ ಸಾರ್. ಆದ್ರೆ ನಳಿಗೆ ನೋಡ್ದೆ ಹೊಡೀಬಾರ್ದು ಅನ್ನೋದು ಮೊದಲನೇ ಪಾಠ,” ಎಂದರು. ನಾನು ಎದ್ದು ಆಸ್ಪತ್ರೆಯಲ್ಲಿ ಕೇಳಿದ್ದನ್ನು ಹೇಳಿದೆ. “ನೀವು ಆಗ ಬಯಲಲ್ಲಿ ಇದ್ರಾ? ಇಲ್ಲ ಅಲ್ವಾ? ಕೂತ್ಕೊಳ್ಳಿ,” ಎಂದರು ಅಧಿಕಾರಿ. ದೊಡ್ಡ ಭಾವ ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಚಿಕ್ಕ ಭಾವ ಮನೆ ಸೇರಿದರು. ಅಕ್ಕಂದಿರಿಬ್ಬರ ನಡುವೆ ಮಾತು ನಿಂತುಹೋಯಿತು.

ಅನಾಹುತವಾದ ಮೇಲೆ ಹೊಸಬರಿಗೆ ತರಬೇತಿ ಬೇಕೆಂದಾಯಿತು. ತರಬೇತಿಗೆ ಅನುಭವಸ್ಥರೇ ಬೇಕಲ್ಲ, ದೊಡ್ಡ ಭಾವನನ್ನೇ ನೇಮಿಸಿದರು. ನಳಿಗೆ ಪಾಠದ ನಡುವೆ ಅವರು ಆ ಬೆಳಗಿನ ಕಥೆ ಹೇಳತೊಡಗಿದರು. ಮೊದಮೊದಲು ಅದರಲ್ಲಿ ಅವರು ಸುಮ್ಮನೆ ದೂರದಲ್ಲಿ ನಿಂತಿರುತ್ತಿದ್ದರು. ಬರಬರುತ್ತಾ “ನಿಲ್ಲೋ, ನಳಿಗೆ ನೋಡೋ!” ಎಂದು ಕೂಗುತ್ತಾ ಓಡಿಬರತೊಡಗಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು, ಅದು ನಟನೆಯಲ್ಲ. ಅದೇ ನನ್ನ ಮೈಯೆಲ್ಲ ಉರಿಸಿದ್ದು.

ಒಂದು ದಿನ ಚಿಕ್ಕಕ್ಕನ ಮನೆಗೇ ಬಂದರು. “ನಾಳೆ ಸ್ವಲ್ಪ ಬಂದು ಕೈ ತೋರಿಸಿ ಹೋಗೋ. ಕಣ್ಣಾರೆ ಕಂಡ್ರೆ ಹೊಸಬರಿಗೆ ಮನಸ್ಸಿಗೆ ನಾಟುತ್ತೆ,” ಎಂದರು. ಚಿಕ್ಕಕ್ಕ ಎದ್ದು ಒಳಗೆ ಹೋದಳು. ಒಳಗೆ ಪಾತ್ರೆಗಳು ಸದ್ದು ಮಾಡಿದವು. ಚಿಕ್ಕ ಭಾವ ಬರುತ್ತೇನೆಂದರು.

ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ದೊಡ್ಡ ಭಾವ ಕಥೆ ಹೇಳಿದರು, ಓಡಿಬಂದರು, ಕೂಗಿದರು. ಕಡೆಗೆ, “ಹೌದೇನೋ? ನಾನು ಕೂಗಿದ್ನೋ ಇಲ್ವೋ ನೀನೇ ಹೇಳು,” ಎಂದರು. ಚಿಕ್ಕ ಭಾವ ಹೌದೆಂದು ತಲೆಯಾಡಿಸಿ, ಎಡಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎತ್ತಿ ಹಿಡಿದರು.

ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ: “ಯಾಕೆ ಭಾವ, ತಲೆ ಆಡಿಸಿದ್ರಿ?”

“ನಾನು ಹೇಳಿದ್ರೆ ಜಗಳ ಆಗುತ್ತೆ ಕಣೋ, ಅವರು ಹೇಳಿದ್ರೆ ಪಾಠ ಆಗುತ್ತೆ. ಆ ಹುಡುಗರು ಇನ್ಮೇಲೆ ನಳಿಗೆ ನೋಡ್ತಾರೆ, ಬಿಡು,” ಎಂದರು. ಗೇಟು ದಾಟಿದ ಮೇಲೆ ನಿಂತು, “ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ,” ಎಂದರು.

ದೊಡ್ಡ ಭಾವ ಸುಳ್ಳುಗಾರರೆಂದು ನಾನು ಈಗ ಹೇಳುವುದಿಲ್ಲ. ಸುಳ್ಳುಗಾರನಿಗೆ ನಿಜ ಗೊತ್ತಿರುತ್ತದೆ. ಇವರಂಥವರಿಗೆ ಎಲ್ಲದರಲ್ಲೂ ಅವಸರ. ತಪ್ಪು ಮಾಡುವುದರಲ್ಲಿ, ಅಳುವುದರಲ್ಲಿ, ಅತ್ತು ಮರೆಯುವುದರಲ್ಲಿ, ಮರೆತು ಇತರರಿಗೆ ಬುದ್ಧಿ ಹೇಳುವುದರಲ್ಲಿ. ಅವರು ಹೇಳುವ ಬುದ್ಧಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಲೋಕಕ್ಕೆ ಅದರಿಂದ ಉಪಕಾರವೂ ಆಗುತ್ತದೆ. ಆ ಉಪಕಾರಕ್ಕೆ ಕೈ ಕೊಟ್ಟವನು ತಲೆಯನ್ನೂ ಆಡಿಸಬೇಕಾಗುತ್ತದೆ, ಅಷ್ಟೆ.