ಹೊಕ್ಕು ಮೊದಲು

ಕೇಳಿಬಿಟ್ಟರೆ ಏನು ಹೇಳುವುದು, ಮೈಕ್ ಹಿಡಿದು ನಿಂತ ಈ ಅಂಕಿತಾ, ಕಾಲೇಜಿನ ಹುಡುಗಿ, ಬೆಟಗೇರಿಯವಳಂತೆ, ನೇಕಾರರ ಮನೆಯವಳಾದರೆ ಕೇಳಿಯೇ ಕೇಳುತ್ತಾಳೆ – ಶ್ರೀಧರ ಗಿಟಾರಿನ ಬಿರಡೆ ತಿರುವಿದ, ತಂತಿ ಸರಿಯಾಗಿಯೇ ಇತ್ತು, ಆದರೂ ತಿರುವಿದ. ಗದಗಿನ ಈ ಸಭಾಭವನದಲ್ಲಿ ಇಪ್ಪತ್ತೆಂಟು ವರ್ಷದ ಮೇಲೆ ಅವರ ರಾಕ್ ಬ್ಯಾಂಡ್ ಲಾಳಿ ಮತ್ತೆ ವೇದಿಕೆ ಹತ್ತಿದೆ, ಹಾಡಲು ಕಿಶೋರ, ಡ್ರಮ್ಸಿಗೆ ಕಳಕೇಶ, ಮೊದಲು ಡ್ರಮ್ಸ್ ಬಾರಿಸುತ್ತಿದ್ದ ಮುಸ್ತಾಕ ಮಾತ್ರ ಕೆಳಗೆ, ಮುಂದಿನ ಸಾಲಿನಲ್ಲಿ, ಮಗಳು ರುಹಿಯ ಪಕ್ಕ, ಗಡ್ಡ ಪೂರಾ ಬೆಳ್ಳಗೆ. ಆಗ ಅವನಪ್ಪ ಬುಡ್ಡೇಸಾಬರ ಟ್ರಂಕಿನ ಅಂಗಡಿ, ಬಿಸಿಲಿಗೆ ಕಾದ ತಗಡಿನ ವಾಸನೆ, ಗೋಡೆಯಾಚೆ ನಮ್ಮ ಮಗ್ಗದ ಸದ್ದು, ಅದನ್ನೇ ತಗಡಿನ ಮೇಲೆ ಬಡಿದು ಬಡಿದು ಹಾಡು ಕಟ್ಟುತ್ತಿದ್ದಾನೆ ಮುಸ್ತಾಕ, ಲೇ ಶ್ರೀ, ಹಾಸು ಅಂದ್ರ ಉದ್ದಂದೋ ಅಡ್ಡಂದೋ, ಹಾಸು ಮೊದಲೋ ಹೊಕ್ಕು ಮೊದಲೋ, ಏನರ ಹಾಕೋ, ಯಾವ ನೇಕಾರ ಕೇಳಾಕ ಬರತಾನ ನಿನ್ನ ಹಾಡು. ಹಾಗಂದವನು ಶ್ರೀಧರನೇ. ಹೊಕ್ಕು ಮೊದಲೆಂದೇ ಬರೆದ ಮುಸ್ತಾಕ. ಮುಂದೆ ಶ್ರೀಧರನ ಹೆಸರಿನಲ್ಲಿ ಬಂದ ಕ್ಯಾಸೆಟ್ ಕೇಳಿ ಅವನ ಅವ್ವ ರತ್ನವ್ವ ನಕ್ಕಿದ್ದಳು, ಇದನ್ನ ನೀ ಬರದಿಲ್ಲ ಬಿಡಪಾ, ಉದ್ದದ ಎಳಿ ಹಾಸಲಾರದ ಅಡ್ಡದ ಎಳಿ ಎಲ್ಲಿ ಹೊಗತೈತಿ, ನಮ್ಮ ಮನ್ಯಾಗಿನ ಬೆಕ್ಕಿಗೂ ಅದು ಗೊತ್ತೈತಿ. ಅವ್ವ ಮತ್ತೆಂದೂ ಆ ಹಾಡು ಕೇಳಲಿಲ್ಲ.

ಯಾರ ಹಾಡ್ರಿ ಇದು ಎಂದು ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕೇಳಿದಾಗ ಮುಸ್ತಾಕ ಇರಲಿಲ್ಲ, ಅಪ್ಪನಿಗೆ ಎದೆನೋವೆಂದು ಊರಲ್ಲೇ ಉಳಿದಿದ್ದ, ಅದೊಂದು ದಿನಕ್ಕೆಂದು ಮುಂಡರಗಿಯಿಂದ ಕಳಕೇಶನನ್ನು ಕರೆದೊಯ್ದಿದ್ದರು, ಆ ಒಂದು ದಿನ ಮುಗಿಯಲೇ ಇಲ್ಲ – ನಮ್ಮ ಶ್ರೀಧರಂದ್ರಿ, ನೇಕಾರರ ಹುಡುಗ, ಎಂದ ಕಿಶೋರ, ಶ್ರೀಧರ ತಲೆ ತಗ್ಗಿಸಿ ಹೀಗೇ ಬಿರಡೆ ತಿರುವುತ್ತಿದ್ದ. ಕ್ಯಾಸೆಟ್ಟಿನ ಮೇಲೆ ಅವನ ಹೆಸರೇ ಅಚ್ಚಾಗಿ ಬಂತು, ಮುಸ್ತಾಕ ಕ್ಯಾಸೆಟ್ ತಿರುಗಿಸಿ ನೋಡಿ, ಛಾಪಾ ಚಲೋ ಬಂದೈತಿ ಎಂದ, ಅಷ್ಟೇ. ನಿನ್ನೆ ರುಹಿ ಮನೆಗೆ ಬಂದಿದ್ದಳು, ಅಂಕಲ್, ಅಬ್ಬಾ ಏನೂ ಕೇಳಂಗಿಲ್ಲ, ಹಾಡು ಯಾರದಂತ ನೀವ ಒಂದ ಸಲ ಎಲ್ಲಾರ ಮುಂದ ಹೇಳ್ರಿ, ಸಾಕು. ಆತವ್ವಾ ಎಂದಿದ್ದ, ಖರೆ, ಎಂದಿದ್ದ – ಸರ, ನಾವೂ ನೇಕಾರ್ರ ರಿ, ಹಾಸು ಬಿಟ್ಟು ಹೊಕ್ಕು ಮೊದಲ ಯಾಕ ಇಟ್ರಿ – ಕೇಳಿಯೇ ಬಿಟ್ಟಳು ಅಂಕಿತಾ, ರುಹಿ ಕುರ್ಚಿಯ ತುದಿಗೆ ಸರಿದಳು, ಈಗ, ಎರಡೇ ಮಾತು, ನಾಲಗೆಯ ಮೇಲೇ ಇದೆ, ಅದು ನೋಡವ್ವಾ, ಲೋಕಾನ ತಲಿಕೆಳಗ ಆಗೇತಿ ಅಂತ ತೋರಸಾಕ, ಬೇಕಂತನ ಹಂಗ ಬರದದ್ದು. ಯಾರ ಬಾಯಿ ಇದು, ಎಷ್ಟು ಸಲೀಸು, ಕಿಶೋರ ಭಲೇ ಎಂದ, ಸಭೆ ಚಪ್ಪಾಳೆ ತಟ್ಟಿತು, ರುಹಿ ತಟ್ಟಲಿಲ್ಲ, ಮುಸ್ತಾಕ ತಟ್ಟಿದ, ಎಲ್ಲರದು ನಿಂತ ಮೇಲೂ ತಟ್ಟುತ್ತಲೇ ಇದ್ದ, ಆ ಎರಡು ಕೈ, ತಗಡು ಕೊರೆದ ಹಳೆಯ ಗಾಯಗಳ ಆ ಎರಡು ಕೈ.

ಹಾಡು ಮುಸ್ತಾಕನದು, ತಪ್ಪು ಮಾತ್ರ ನನ್ನದು ಎಂದು ಶ್ರೀಧರ ಎಂದೂ ಹೇಳಲಿಲ್ಲ.